ಮೋತಿಗೆ ನೆನೆಸಿಟ್ಟ ಹುರುಳಿ

ಫೆಬ್ರವರಿ 4, ಮಂಗಳವಾರ

ಹುರುಳಿ ನೆನೆಸಿಟ್ಟು ಬಂದೆ. ಸಂಜೆ ಅದೇ ಪ್ರಶ್ನೆ, ಅದೇ ಉತ್ತರ.

"ಮೋತಿಗೆ ಹುರುಳಿ ಹಾಕ್ದೇನವ್ವ?"

"ಹಾಕ್ದೆ ಕಣಪ್ಪ."

"ತಿಂದ್ಲಾ?"

"ಗೋದಲಿ ನೆಕ್ಕಿ ಬುಟ್ಲು."

ಅಷ್ಟು ಕೇಳಿದರೆ ಸಾಕು, ಅಪ್ಪ ಲಾಯದಿಂದ ಎದ್ದು ಬಂದು ಉಣ್ಣುತ್ತಾರೆ. ಉಣ್ಣುವುದೂ ಅದೇ ಹುರುಳಿಯ ಸಾರು. ಮೋತಿ, ಈ ಬಂಗಲೆಯ ಲಾಯದಲ್ಲಿ ಅಪ್ಪ ಸಾಕಿದ ಕೊನೇ ಕುದುರೆ, ಸತ್ತು ಹತ್ತು ವರ್ಷದ ಮೇಲಾಯಿತು. ಬೇಲಿ ಪಕ್ಕದ ಹುಣಸೆ ಮರದ ಬುಡದಲ್ಲಿ ಗುಂಡಿ ತೋಡಿ ಹೂತವರು ಅಪ್ಪನೇ. ಲಾಳ ಕೀಳಲೂ ಬಿಡಲಿಲ್ಲ. "ಬರಿಗಾಲಲ್ಲಿ ಕಳ್ಸಾಕಿಲ್ಲ" ಎಂದು ಹಟ. ಈಗ ಅದೊಂದೂ ನೆನಪಿಲ್ಲ. ಕೆಲವು ದಿನ ಶಶಿಕಲಾ ಅನ್ನುವ ಮಗಳಿದ್ದಾಳೆ ಅನ್ನುವುದೂ ನೆನಪಿರುವುದಿಲ್ಲ. ಮೋತಿಯನ್ನು ಮಾತ್ರ ಮರೆತಿಲ್ಲ. ಸತ್ತ ಕುದುರೆ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವಳಲ್ಲ ನಾನು. ಸ್ವಲ್ಪ ಇದೆ, ಅಷ್ಟೇ.

ಮೈಸೂರಿನಿಂದ ಪ್ರೇಮಲತಾ ಮೇಡಂ ಫೋನ್. ಬಂಗಲೆ ಮಾರುತ್ತಾರಂತೆ. ಅವರ ಮುತ್ತಾತ ಮಹಾರಾಜರ ಕಾಲದಲ್ಲಿ ಕುದುರೆ ಡಾಕ್ಟರು, ಅವರು ಕಟ್ಟಿಸಿದ್ದು. "ನೋಡ್ಕೊಳ್ಳೋರು ಯಾರೂ ಇಲ್ಲ ಶಶಿ" ಅಂದರು. ನೋಡಿಕೊಳ್ಳುತ್ತಿರುವವಳಿಗೇ ಹೇಳಿದರು.

ಇಂಟರ್‌ನೆಟ್‌ಗೆ ಹಾಕಿದ ಜಾಹೀರಾತನ್ನು ವಾಟ್ಸಾಪ್ ಮಾಡಿದ್ದಾರೆ. ಕುಣಿಗಲ್ ಹತ್ತಿರ ಹೆರಿಟೇಜ್ ಬಂಗಲೆ, ಕಾಟೇಜ್, ಕುದುರೆ ಲಾಯ, ಜಮೀನು. ಕಾಟೇಜ್ ಯಾವುದು ಎಂದು ಫೋಟೋ ದೊಡ್ಡದು ಮಾಡಿ ನೋಡಿದರೆ ನಮ್ಮ ಔಟ್‌ಹೌಸು. ತಂತಿಯ ಮೇಲೆ ನನ್ನ ನೈಟಿ ಒಣಗುತ್ತಿದೆ. ಹೋದ ವಾರ ಯಾರೋ ಬಂದು ಫೋಟೋ ತೆಗೆದುಕೊಂಡು ಹೋದದ್ದು ಇದಕ್ಕೇ. ಇನ್ನೊಂದು ಫೋಟೋದಲ್ಲಿ ಲಾಯದ ಕೊನೇ ಅಂಕಣ, ಮೋತಿಯದು, ಅದರ ಕಟ್ಟೆ ಮೇಲೆ ಅಪ್ಪ. ಅವರ ಬಗ್ಗೆ ಏನೂ ಬರೆದಿಲ್ಲ.


ಫೆಬ್ರವರಿ 6, ಗುರುವಾರ

ಮೂರು ಬ್ಲೌಸ್ ಹೊಲಿಯಬೇಕಿತ್ತು. ಒಂದೂ ಮುಗಿಯಲಿಲ್ಲ. ತೋಳು ತಿರುಗಾಮುರುಗಾ ಹೊಲಿದು ಬಿಚ್ಚಿದೆ.

ತಮ್ಮ ಶಿವರಾಜ್‌ಗೆ ಫೋನ್ ಮಾಡಿದೆ. ತುಮಕೂರು ಹತ್ತಿರದ ಅಂತರಸನಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸ ಅವನಿಗೆ, ಅಲ್ಲೇ ಒಂದು ರೂಮು.

"ಒಳ್ಳೇದಾಯ್ತು ಬುಡಕ್ಕ. ಅಪ್ಪನ್ನ ಕರ್ಕೊಂಡು ಇಲ್ಲಿಗೇ ಬಂದ್ಬುಡು."

"ಹೋದ್ವರ್ಷ ಏನಾಯ್ತು ಮರ್ತುಬುಟ್ಯಾ?"

"ಈ ಸಲ ಆಚೆಯಿಂದ ಚಿಲಕ ಹಾಕಂಡು ಡ್ಯೂಟಿಗೆ ಹೋಯ್ತೀನಿ. ಆಯ್ತಲ್ಲ?"

ಫೋನ್ ಕಟ್ ಮಾಡಿದೆ. ಹೋದ ವರ್ಷ ನನಗೆ ಟೈಫಾಯ್ಡ್ ಬಂದಾಗ ಅಪ್ಪನನ್ನು ಅವನ ಹತ್ತಿರ ಬಿಟ್ಟಿದ್ದೆ. ಸಂಜೆಯಾಗುತ್ತಲೇ ಮೋತಿಯನ್ನು ಹುಡುಕಿಕೊಂಡು ಹೊರಟರು. ಸಿಕ್ಕಿದ್ದು ಹೈವೇ ನಡುವೆ. ಕೈಯಲ್ಲಿ ಎಲ್ಲೋ ಸಿಕ್ಕ ಹಗ್ಗ. ಎರಡೂ ಕಡೆ ಲಾರಿ. ಮೋತೀ... ಮೋತೀ... ಒಬ್ಬ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ಬಂದು ಎಳೆದುಕೊಂಡದ್ದಕ್ಕೆ ಉಳಿದರು. ಇಲ್ಲಿಗೆ ತಂದು ಲಾಯದ ಕಟ್ಟೆ ಮೇಲೆ ಕೂರಿಸಿದ ಮೇಲೆಯೇ ಒಂದು ಗುಟುಕು ನೀರು ಕುಡಿದದ್ದು.

ಚಿಲಕ ಹಾಕುತ್ತಾನಂತೆ. ಹೆತ್ತಪ್ಪನಿಗೆ.

ಲಾಯ ಇದ್ದರೆ ಅಪ್ಪ ಇರುತ್ತಾರೆ. ಇಲ್ಲದಿದ್ದರೆ ಇಲ್ಲ. ಇಷ್ಟು ಚಿಕ್ಕ ವಿಷಯ ಯಾರಿಗೂ ಅರ್ಥ ಮಾಡಿಸಲಾಗುತ್ತಿಲ್ಲ.


ಫೆಬ್ರವರಿ 9, ಭಾನುವಾರ

ಬಂಗಲೆ ನೋಡಲು ಬಂದೇಬಿಟ್ಟರು. ಗುಬ್ಬಿಯವರು. ಅನಂತರಾಜು, ಜೊತೆಗೆ ಅವರ ತಾಯಿ ದೊಡ್ಡಗಂಗಮ್ಮ. ಗುಬ್ಬಿಯಲ್ಲಿ ಕಲ್ಯಾಣ ಮಂಟಪ ಇದೆಯಂತೆ, ಇಲ್ಲಿ ರೆಸಾರ್ಟ್ ಮಾಡುತ್ತಾರಂತೆ.

ಆತ ಬಂಗಲೆಯನ್ನು ಬೇಗ ನೋಡಿ ಮುಗಿಸಿದ. ಲಾಯದಲ್ಲಿ ಮಾತ್ರ ನಿಂತೇ ನಿಂತ. ಗೋಡೆ ತಟ್ಟಿದ. ಕಲ್ಲಿನ ಗೋದಲಿಯೊಳಗೆ ಕೈಯಾಡಿಸಿದ. ಅಪ್ಪನ ಫೋಟೋ ತೆಗೆದ. ಒಡೆಯುವ ಮುಂಚೆ ಅಳತೆ ನೋಡುತ್ತಿದ್ದಾನೆ ಅನ್ನಿಸಿತು.

ದೊಡ್ಡಗಂಗಮ್ಮ ಬಾವಿ ಕಟ್ಟೆ ಹತ್ತಿರ ಕೂತಿದ್ದರು. ಒಳ್ಳೆಯ ಹೆಂಗಸು. ಮಜ್ಜಿಗೆ ಕೊಟ್ಟೆ, ಕುಡಿದು ಲೋಟವನ್ನು ತಾವೇ ತೊಳೆದು ಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು.

"ನೀನು ಹುಟ್ಟಿ ಬೆಳ್ದವಳು ಇಲ್ಲಿ. ಮುಚ್ಚುಮರೆ ಮಾಡ್ಬೇಡ ಕಣವ್ವ. ಜಾಗದಲ್ಲಿ ದೋಷ ಗೀಷ ಏನಾರ ಐತಾ?"

ಬಾಯಿಗೆ ಬಂದೇಬಿಟ್ಟಿತು. "ಲಾಯದ ಕೆಳಗೆ ಕುದುರೆ ಹೂತವ್ರೆ ಅಮ್ಮಾರೆ."

ಹುಣಸೆ ಮರದ ಬುಡದಲ್ಲಿ ಅಂದಿದ್ದರೆ ಯಾರು ಹೆದರುತ್ತಾರೆ? ಕಟ್ಟಡದ ಕೆಳಗೆ ಮೂಳೆ ಅಂದರೆ ಶಲ್ಯದೋಷ, ಇದ್ದವರಿಗೆ ಕೇಡು. ಮನೆಗೆ ಪಾಯ ತೆಗೆಯುವಾಗ ಒಂದು ತುಂಡು ಸಿಕ್ಕರೂ ಜನ ಜಾಗವೇ ಬೇಡ ಅನ್ನುತ್ತಾರೆ. ಆಕೆಯ ಮುಖ ಇಳಿದುಹೋಯಿತು. ಮಗನನ್ನು ಕರೆದುಕೊಂಡು ಹೊರಟರು. "ಬತ್ತೀವಿ ಕಣವ್ವ" ಅಂದರು. ಬರುವುದಿಲ್ಲ ಎಂದು ಗೊತ್ತಿತ್ತು.

ರಾತ್ರಿಗೆ ಪಾಯಸ ಮಾಡಿದೆ. ಅಪ್ಪ ಯಾಕೆ ಎಂದು ಕೇಳಲಿಲ್ಲ, ಎರಡು ಸಲ ಹಾಕಿಸಿಕೊಂಡರು.


ಫೆಬ್ರವರಿ 16, ಭಾನುವಾರ

ಯಾರೂ ಬಂದಿಲ್ಲ. ಫೋನೂ ಇಲ್ಲ. ಬಚಾವ್.

ಲಾಯ ಗುಡಿಸಿ ನೀರು ಹಾಕಿದೆ. ಅಪ್ಪ ಕಾಲು ಮೇಲೆತ್ತಿಕೊಂಡು ಕೂತು, "ಮೋತಿ ಕಾಲ್ಕೆಳ್ಗೆ ತೇವ ಬುಡ್ಬ್ಯಾಡ, ಗೊರಸು ಕೊಳೀತದೆ" ಅಂದರು. ಬಟ್ಟೆ ತಂದು ಒರೆಸಿದೆ.


ಫೆಬ್ರವರಿ 19, ಬುಧವಾರ

ಬಂಗಲೆ ಹೋಯಿತು. ಗುಬ್ಬಿಯವರಿಗೇ.

ಮೇಡಂ ಖುಷಿಯಲ್ಲಿದ್ದರು. ಆಮೇಲೆ ದನಿ ಇಳಿಸಿ ಹೇಳಿದರು — "ಪಾಪ, ಅನಂತರಾಜು ಅವತ್ತು ಲಾಯದಲ್ಲಿ ನಿಂತೇ ಫೋನ್ ಮಾಡಿದ್ರು ಶಶಿ. ಲಾಯ ಹಾಗೇ ಇಟ್ಕೊಂಡು ಎರಡು ಕುದುರೆ ತರ್ತೀವಿ, ಆ ಅಜ್ಜ ಅಲ್ಲೇ ಇರ್ಲಿ, ಬಂದ ಗೆಸ್ಟ್‌ಗಳಿಗೆ ಕುದುರೆ ವಿಷಯ ಹೇಳ್ತಾರೆ ಅಂತ. ನಿನ್ನನ್ನೂ ಕೆಲಸಕ್ಕೆ ಇಟ್ಕೋತಿದ್ರು. ಅಷ್ಟರಲ್ಲಿ ಅವರ ತಾಯಿಗೆ ಯಾರೋ ಲಾಯದ ಕೆಳಗೆ ಮೂಳೆ ಇದೆ ಅಂತ ಹೇಳಿದ್ದಾರೆ ನೋಡು. ಈಗ ಲಾಯ ಪೂರ್ತಿ ಒಡೆದು, ಆಳುದ್ದ ಮಣ್ಣು ತೆಗೆಸ್ಬೇಕಂತೆ. ಲಾಯನೇ ಇಲ್ಲ ಅಂದ್ಮೇಲೆ ನಿಮ್ಮಪ್ಪ ಯಾಕೆ ಅಂತಾರೆ. ಯಾರು ಹೇಳಿರ್ಬಹುದು?"

ಗೊತ್ತಿಲ್ಲ ಮೇಡಂ ಅಂದೆ.

ಗೊತ್ತಿಲ್ಲವಂತೆ. ಥೂ.

ಅವನು ಅಳತೆ ನೋಡುತ್ತಿರಲಿಲ್ಲ. ಇಷ್ಟಪಟ್ಟು ನೋಡುತ್ತಿದ್ದ. ನಾನು ತೆಪ್ಪಗೆ ಮಜ್ಜಿಗೆ ಕೊಟ್ಟು ಸುಮ್ಮನಿದ್ದಿದ್ದರೆ ಸಾಕಿತ್ತು... ಇನ್ನು ಬರೆಯಲು ಆಗುತ್ತಿಲ್ಲ.


ಫೆಬ್ರವರಿ 21, ಶುಕ್ರವಾರ

ಪಕ್ಕದ ತೋಟದ ವೆಂಕಟಯ್ಯನನ್ನು ಅಪ್ಪನ ಹತ್ತಿರ ಕೂರಿಸಿ ಗುಬ್ಬಿಗೆ ಹೋಗಿಬಂದೆ. ತುಮಕೂರಿನಲ್ಲಿ ಬಸ್ ಬದಲಾಯಿಸುವಾಗ ವಾಪಸ್ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

ದೊಡ್ಡಗಂಗಮ್ಮನ ಕಾಲು ಹಿಡಿದೆ. ಸುಳ್ಳು ಹೇಳಿದೆ ಅಮ್ಮಾರೆ, ಮೂಳೆ ಇಲ್ಲ, ಕುದುರೆ ಹೂತಿರೋದು ಬೇಲಿ ಪಕ್ಕ, ಅಪ್ಪ ಲಾಯ ಬಿಟ್ಟು ಬದುಕಲ್ಲ ಅಂತ ಹೆದರಿಕೊಂಡು ಹಾಗಂದೆ. ಎಲ್ಲ ಹೇಳಿದೆ. ಹೇಳುತ್ತಾ ಅತ್ತೆ.

ಆಕೆ ನನ್ನನ್ನು ಎತ್ತಿ ಕೂರಿಸಿಕೊಂಡರು.

"ಸುಳ್ಳು ಹೇಳ್ತಿರಾದು ಅವತ್ತಲ್ಲ ಮಗ, ಇವತ್ತು. ಅಪ್ಪನ ಮೇಲಿನ ಆಸೆಗೆ ಹೇಳ್ತಿದೀಯ, ನಂಗರ್ಥ ಆಯ್ತದೆ. ಅವತ್ತು ದೇವ್ರೇ ನಿನ್ ಬಾಯಲ್ಲಿ ಆಡಿಸ್ದ."

"ಇಲ್ಲ ಅಮ್ಮಾರೆ. ಆಣೆ ಮಾಡ್ತೀನಿ."

"ಆಣೆ ಗೀಣೆ ಬ್ಯಾಡ. ಕೇಳು. ಪೂರ್ತಿ ಒಡೀಬೇಕು ಅಂತ ನಂಗೂ ಇಲ್ಲ. ಮೂಳೆ ಸಿಕ್ತು ಅಂದ್ರೆ ಅಲ್ಲಿಗೇ ನಿಲ್ಸುಸ್ತೀನಿ. ಎತ್ತಿ ಹೊಳೆಗೆ ಬುಟ್ಟು ಶಾಂತಿ ಮಾಡ್ಸಿದ್ರೆ ಆಯ್ತು. ಉಳ್ದಿದ್ದು ಉಳೀಲಿ, ನಿಮ್ಮಪ್ಪನೂ ಇರ್ಲಿ. ಸಿಗೋಗಂಟ ಮಾತ್ರ ಅಗೀಲೇಬೇಕು."

ಇಲ್ಲದ ಮೂಳೆ ಎಲ್ಲಿಂದ ಸಿಗುತ್ತದೆ?

ಹೊರಡುವಾಗ ಅರಿಶಿನ ಕುಂಕುಮ, ತೆಂಗಿನಕಾಯಿ, ಒಂದು ಬ್ಲೌಸ್ ಪೀಸು ಮಡಿಲಿಗೆ ಹಾಕಿದರು. ನಿಜ ಹೇಳಿ ತಮ್ಮ ಮಗನ ಮನೆ ಉಳಿಸಿದೆನಂತೆ. ಬಸ್ಸಿನಲ್ಲಿ ಆ ಕಾಯಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಕಿಟಕಿಯಿಂದಾಚೆ ಎಸೆಯಲು ಧೈರ್ಯ ಬರಲಿಲ್ಲ.


ಮಾರ್ಚ್ 3, ಸೋಮವಾರ

ಜೆಸಿಬಿ ಬಂತು. ಹೆಂಚು ಇಳಿಸಿದರು, ಗೋಡೆ ಬೀಳಿಸಿದರು, ಅಗೆದರು. ಒಂದು ಅಂಕಣ ಮುಗಿಸಿ ಇನ್ನೊಂದಕ್ಕೆ. ಅನಂತರಾಜು ಒಬ್ಬ ಮೇಸ್ತ್ರಿಯನ್ನು ಬಿಟ್ಟಿದ್ದಾನೆ, ರಾಮಾಂಜಿನಯ್ಯ ಅಂತ. ಬಕೆಟ್ ಮಣ್ಣು ಸುರಿದಾಗಲೆಲ್ಲ ಆತ ಕೋಲಿನಲ್ಲಿ ಕೆದಕಿ ನೋಡುತ್ತಾನೆ. ಕಲ್ಲು. ಹೆಂಚಿನ ಚೂರು. ಬೇರೇನಿಲ್ಲ.

ಅಪ್ಪನನ್ನು ಔಟ್‌ಹೌಸ್ ಜಗುಲಿಗೆ ತಂದು ಕೂರಿಸಿದೆ. ಸದ್ದಿಗೆ ಬೆಚ್ಚಿ ಬೆಚ್ಚಿ ಏಳುತ್ತಾರೆ.

"ಯಾರ್ಗವ್ವ ಗುಂಡಿ ತೋಡ್ತಾವ್ರೆ?"

"ಯಾರ್ಗೂ ಇಲ್ಲಪ್ಪ. ಪೈಪ್ ಹಾಕ್ತಾವ್ರೆ."

"ಮೋತಿ ಹೆದ್ರಿಕೊಂತಾಳೆ. ನಿಲ್ಸು ಅನ್ನು."

ಹೋಗಿ ರಾಮಾಂಜಿನಯ್ಯನಿಗೆ ಕೈ ಮುಗಿದೆ. "ನಂದೇನೈತಮ್ಮ ಇದ್ರಲ್ಲಿ? ಮೂಳೆ ಸಿಕ್ಕುದ್ರೆ ನಾನೂ ಮನೆಗೋಯ್ತೀನಿ" ಅಂದ. ತಮಾಷೆ ಮಾಡಿದ್ದಲ್ಲ.

ಸಂಜೆ ಅಪ್ಪ ಊಟ ಮಾಡಲಿಲ್ಲ. ಹುರುಳಿ ಹಾಕಿದೆ ಎಂದು ನಾನೇ ಹೇಳಿದರೂ ನಂಬಲಿಲ್ಲ. ಲಾಯದ ಕಡೆಗೇ ಮುಖ.


ಮಾರ್ಚ್ 4, ಮಂಗಳವಾರ. ಮಧ್ಯಾಹ್ನ

ಅರ್ಧ ಲಾಯ ಹೋಯಿತು. ಊಟ ಮುಗಿಸಿ ಬಂದರೆ ಸಂಜೆಯೊಳಗೆ ಮೋತಿಯ ಅಂಕಣಕ್ಕೆ ಬರುತ್ತಾರೆ.

ಅಪ್ಪ ನಿನ್ನೆಯಿಂದ ನೀರೂ ಸರಿಯಾಗಿ ಕುಡಿದಿಲ್ಲ. ಹೀಗೆ ಇನ್ನೆರಡು ದಿನ ಅಂದರೆ... ಬೇಡ.

ಒಂದೇ ದಾರಿ ಉಳಿದಿದೆ. ಇಲ್ಲದ ಮೂಳೆ ಸಿಗಬೇಕು ಅಂದರೆ ಇರುವ ಕಡೆಯಿಂದ ತರಬೇಕು. ಜೆಸಿಬಿಯವನೂ ರಾಮಾಂಜಿನಯ್ಯನೂ ಹೋಟೆಲಿಗೆ ಹೋಗಿದ್ದಾರೆ. ಅಪ್ಪನಿಗೆ ಜೊಂಪು ಹತ್ತಿದೆ. ಗುದ್ದಲಿ ತೆಗೆದುಕೊಂಡು ಹುಣಸೆ ಮರದ ಹತ್ತಿರ ಹೋಗುತ್ತಿದ್ದೇನೆ. ಮೋತಿ, ತಪ್ಪು ತಿಳಿಯಬೇಡ ಕಣೇ. ನಿನ್ನನ್ನು ಸಾಕಿದವರಿಗೋಸ್ಕರ.


ಅದೇ ದಿನ, ಸಂಜೆ

ಸಿಕ್ಕಿತು. ಬೇರುಗಳ ನಡುವೆ ಒಂದು ಕಾಲಿನ ಮೂಳೆಗಳು, ಅಲ್ಲೇ ತುಕ್ಕು ಹಿಡಿದ ಲಾಳ. ಹಳೇ ಸೀರೆಯಲ್ಲಿ ಸುತ್ತಿ ತಂದು ಮೋತಿಯ ಅಂಕಣದ ಮುಂದೆ ಅರ್ಧ ಅಗೆದಿದ್ದ ಗುಂಡಿಯಲ್ಲಿ ಮಣ್ಣು ಮುಚ್ಚಿಟ್ಟೆ. ಕೈಯೆಲ್ಲ ಬೊಬ್ಬೆ.

ಊಟದಿಂದ ಬಂದ ಸ್ವಲ್ಪ ಹೊತ್ತಿಗೇ ರಾಮಾಂಜಿನಯ್ಯ ಮೂಳೆ ಸಿಕ್ತು ಎಂದು ಕೂಗಿದ. ಇಂಜಿನ್ ಆಫ್ ಆಯಿತು. ಗುಬ್ಬಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ. ದೊಡ್ಡಗಂಗಮ್ಮನ ದನಿ — "ನಿಲ್ಸಿ. ಅಲ್ಲಿಗೇ ನಿಲ್ಸಿ. ಆ ಮಗಿಗೆ ಹೇಳಿ, ಅವ್ರಪ್ಪ ಅಲ್ಲೇ ಇರ್ಲಿ ಅಂತ."

ಅಳು, ನಗು ಎರಡೂ ಬಂತು. ಮೋತಿಯ ಅಂಕಣ ಉಳಿಯಿತು. ಕಟ್ಟೆ ಉಳಿಯಿತು. ಅಪ್ಪ ಉಳಿದರು.

ತಿರುಗಿ ನೋಡಿದರೆ ಅಪ್ಪ ಗುಂಡಿಯ ಅಂಚಿನಲ್ಲಿ. ಯಾವಾಗ ಎದ್ದು ಬಂದರೋ. ರಾಮಾಂಜಿನಯ್ಯ ಮೂಳೆಗಳನ್ನು ಗೋಣಿಚೀಲದ ಮೇಲೆ ಹರಡಿದ್ದ. ಅಪ್ಪ ಬಗ್ಗಿ ಲಾಳ ಎತ್ತಿಕೊಂಡರು. ಹೆಬ್ಬೆರಳಲ್ಲಿ ಮಣ್ಣು ಉಜ್ಜಿದರು. ಮೊಳೆಯ ತೂತುಗಳನ್ನು ಸವರಿದರು. ತುಂಬ ಹೊತ್ತು.

"ಇದು ನಾನೇ ಹೊಡ್ದಿದ್ದು" ಅಂದರು. ಆಮೇಲೆ ನನ್ನ ಕಡೆ ನೋಡಿದರು. "ಶಶೀ, ಹುಣ್ಸೇಮರದ್ ತಾವ ಗುಂಡಿ ತೋಡಿದ್ದೂ ನಾನೇ ಅಲ್ವೇನವ್ವ?"

ಎಷ್ಟೋ ತಿಂಗಳ ಮೇಲೆ ನನ್ನ ಹೆಸರು ಹಿಡಿದು ಕರೆದರು.


ಮಾರ್ಚ್ 5, ಬುಧವಾರ. ಸಂಜೆ

ದೊಡ್ಡಗಂಗಮ್ಮ ಬಂದು ಮೂಳೆ ತೆಗೆದುಕೊಂಡು ಹೋದರು. ಲಾಳ ಅಪ್ಪನ ಜೇಬಿನಲ್ಲಿದೆ, ಕೇಳಿದರೂ ಕೊಡಲಿಲ್ಲ. ಇನ್ನು ಯಾರೂ ನಮ್ಮನ್ನು ಎಬ್ಬಿಸುವುದಿಲ್ಲ. ಅನಂತರಾಜು ಬಾಯಿಬಿಟ್ಟು ಹೇಳಿದ್ದಾನೆ.

ಅಪ್ಪ ಬೆಳಗ್ಗೆಯಿಂದ ಲಾಯದೊಳಗೆ ಕಾಲಿಟ್ಟಿಲ್ಲ. ಕಟ್ಟೆ ಗುಡಿಸಿ ಚಾಪೆ ಹಾಸಿದೆ. ಅತ್ತ ನೋಡಲೂ ಇಲ್ಲ. ಪಂಚೆ, ಶರ್ಟು, ಟವೆಲ್ಲು ಎಲ್ಲ ಒಂದು ಗಂಟು ಕಟ್ಟಿಕೊಂಡು ಗೇಟಿನ ಹತ್ತಿರ ಹೋಗಿ ನಿಂತಿದ್ದಾರೆ.

"ಎಲ್ಲಿಗಪ್ಪ?"

"ಮೋತೀನೇ ಇಲ್ವಲ್ಲವ್ವ. ನಮ್ಗಿಲ್ಲೇನ್ ಕೆಲ್ಸ? ನೀನೂ ಬಟ್ಟೆ ಕಟ್ಕೊ, ನಡಿ."

"ಎಲ್ಲಿಗೆ ಅಂತ ಹೋಗಾದು?"

ರಸ್ತೆ ನೋಡುತ್ತಾರೆ. ಕೈ ಹಿಡಿದು ಎಳೆದರೆ ಬರುವುದಿಲ್ಲ, ಅಷ್ಟು ಬಲ ಎಲ್ಲಿತ್ತೋ. ನಾನು ಅತ್ತ ತಿರುಗಿದರೆ ಹೊರಟೇಬಿಡುತ್ತಾರೆ. ಗೇಟಿಗೆ ಬೀಗ ಹಾಕಿದೆ. ಹಾಕುವಾಗ ಶಿವರಾಜ್ ನೆನಪಾದ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ.

ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಕಣ್ಣು ಗೇಟಿನ ಮೇಲೆ. ಹೊತ್ತು ಮುಳುಗುತ್ತಿದೆ. ಹುರುಳಿ ನೆನೆದಿದೆ. ಅವರು ಕೇಳಲಿಲ್ಲ. ತಡೆಯಲಾಗದೆ ನಾನೇ ಇಲ್ಲಿಂದ ಕೂಗಿ ಹೇಳಿದೆ — "ಅಪ್ಪಾ, ಹುರುಳಿ ಹಾಕ್ದೆ ಕಣಪ್ಪ, ನೆಕ್ಕಿ ಬುಟ್ಲು, ಬಾ ಉಣ್ಣು."

ಅಪ್ಪ ತಿರುಗಿದರು. ಗಂಟು ಇನ್ನೂ ಕಂಕುಳಲ್ಲೇ. ಮೆತ್ತಗೆ, ಮಗುವಿಗೆ ತಿಳಿಹೇಳುವ ಹಾಗೆ,

"ಯಾರ್ಗವ್ವ ಹಾಕ್ದೆ?" ಅಂದರು.

ನಾನು ಪೆನ್ನು ಇಟ್ಟು ಅವರ ಹತ್ತಿರ ಹೋಗುತ್ತಿದ್ದೇನೆ, ಬೀಗದ ಕೈ ಸೊಂಟದಲ್ಲೇ ಇದೆ.