ಟ್ಯಾನ್ಸಿಗೆ ತಗುಲಿದ ಗುಂಡು

ಅಕ್ಕಾ,

ಟ್ಯಾನ್ಸಿಯನ್ನು ಹುಡುಕಬೇಡ. ನಿನ್ನ ನಾಯಿಯನ್ನು ಲ್ಯಾಂಡರ್ ಪೇಟೆಯ ದನದ ಡಾಕ್ಟರ ಹತ್ತಿರ ಒಯ್ಯುತ್ತಿದ್ದೇನೆ. ಮುಂಗಾಲಿಗೆ ಗುಂಡು ತಗುಲಿದೆ. ಹೊಡೆದವನು ನಾನೇ.

ಈದ ಕುರಿಗಳು ಸದ್ದಿಗೆ ಬೆದರದಿರಲೆಂದು ಸಿಡಿಮದ್ದು ಕಡಿಮೆ ಹಾಕಿ ನಾನೇ ತುಂಬಿದ ತೋಟಾ ಅದು. "ಮದ್ದು ಇಳಿಸಿದ್ರೆ ಗುಂಡೂ ಕೆಳಕ್ಕಿಳಿಯುತ್ತೆ ಕಣೋ ಸೋಮಾರಿ, ಮೊದಲು ಹಲಗೆಗೆ ಹೊಡೆದು ನೋಡು" ಅಂತ ನಿನ್ನೆ ನೀನು ಹೇಳಿದಾಗ ನಕ್ಕುಬಿಟ್ಟೆ. ಬೆಳಿಗ್ಗೆ ಕುರಿಮರಿ ಹಿಡಿಯಲು ಬಂದು ದಿಬ್ಬದ ಮೇಲೆ ನಿಂತ ಕಯೋಟಿ ತೋಳಕ್ಕೆ ಗುರಿಯಿಟ್ಟೆ. ಗುಂಡು ತಗ್ಗಿ, ಕೆಳಗೆ ಅದನ್ನು ಅಟ್ಟಲು ಓಡುತ್ತಿದ್ದ ಟ್ಯಾನ್ಸಿಗೆ ಬಿತ್ತು.

ಕಯೋಟಿ ತಪ್ಪಿಸಿಕೊಂಡಿದೆ, ಮರಿಗಳನ್ನು ಹೊರಗೆ ಬಿಡಬೇಡ. ತಬ್ಬಲಿ ಮರಿಗಳಿಗೆ ಹಾಲು ಒಲೆಯ ಮೇಲಿದೆ. ಮದ್ದು ಕಡಿಮೆ ಹಾಕಿದ ಉಳಿದ ತೋಟಾಗಳು ಹಸಿರು ಡಬ್ಬಿಯಲ್ಲಿವೆ, ಮುಟ್ಟಬೇಡ, ಬಂದು ನಾನೇ ಬಿಚ್ಚುತ್ತೇನೆ.

ಗಾಡಿಗೆ ಎತ್ತುವಾಗ ಟ್ಯಾನ್ಸಿ ನನ್ನ ಕೈ ನೆಕ್ಕಿತು, ಅಕ್ಕಾ. ಕಚ್ಚಿದ್ದರೆ ಚೆನ್ನಾಗಿತ್ತು.

ಎಮೆಟ್