ಮಜ್ಜಿಗೆ ಚೆಲ್ಲಿದಂಥ ಬೆಳಕು

ಅಪ್ಪ,

ಇವತ್ತು ನಿನ್ನ ಶಿಷ್ಯೆ ಸಿಂಚನಾ ನಮ್ಮ ಕೊಪ್ಪದ ಮನೆಗೆ ಬಂದಿದ್ಳು. ನೀನು ಸತ್ತಾಗ ಬರದವಳು ಈಗ ಹಣ್ಣು ಹಿಡ್ಕೊಂಡು ಬಂದಿದ್ದು ನೋಡೇ ನನಗೆ ಡೌಟು ಬಂತು. ಅಣುಗಳು ಬಿಡೋ ಬೆಳಕು ಅಳೀತಾ ನೀನು ಜೀವಮಾನ ಕಳೆದೆಯಲ್ಲ, ಆ ಮೆಷಿನ್ ಅವಳ ಕಾಲೇಜಿಗೆ ಬೇಕಂತೆ. ಕೊಡಲ್ಲ ಅಂದೆ.

"ಸರ್ ಪ್ರತಿ ವರ್ಷ ಮೊದಲ ಕ್ಲಾಸಲ್ಲಿ ನಿಮ್ಮ ಕಥೆನೇ ಹೇಳ್ತಿದ್ರು" ಅಂದ್ಳು. "ಕೆರೆಕಟ್ಟೆ ಕಾಡಿಂದ ತಂದ, ಅಣಬೆ ಹತ್ತಿ ಕತ್ತಲಲ್ಲಿ ಮಿನುಗೋ ಕೊಳೆತ ಮರದಲ್ಲಿ ಮೆಷಿನ್‌ಗಿಂತ ಮೊದಲು ನನ್ನ ಮಗ ಬೆಳಕು ಕಂಡ ಅಂತ."

ನಾನು ನಂಬಲಿಲ್ಲ. ನಾನು ಎಂಟನೇ ಕ್ಲಾಸಲ್ಲಿದ್ದೆ, ಅವತ್ತು ಬಾಗಿಲ ಸಂದಿಗೆ ಗೋಣಿ ತುರುಕಿ ನಾವಿಬ್ಬರೇ ಕತ್ತಲಲ್ಲಿ ಕೂತಿದ್ವಿ. ನನಗೆ ಬೆಳಕು ಕಂಡಿತು, ಮೆಷಿನ್ ಸೊನ್ನೆ ತೋರಿಸ್ತು. "ಸುಳ್ಳು ಹೇಳ್ಬೇಡ ಮಾಣಿ" ಅಂದೆ ನೀನು. ಆಮೇಲೆ ನಾನು ವಿಜ್ಞಾನದ ಪುಸ್ತಕ ಮುಟ್ಟಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆನೇ ಬಿಟ್ಟೆ.

ಮೆಷಿನ್ ಹೊಡ್ಕೊಳ್ಳೋಕೆ ಬೆಣ್ಣೆ ಹಚ್ತಿದಾಳೆ ಅನ್ನಿಸ್ತು. "ಹಂಗಾದ್ರೆ ಹೇಳು ಮಾರಾಯ್ತಿ, ಆ ಬೆಳಕು ಹೆಂಗಿದೆ ಅಂದಿದ್ದೆ ನಾನು?"

"ನೆಲಕ್ಕೆ ಮಜ್ಜಿಗೆ ಚೆಲ್ಲಿದ ಹಂಗೆ ಅಂತ. ಮೆಷಿನ್ ವೈರೇ ಸಡಿಲ ಇತ್ತಂತೆ, ಮಾರನೇ ವಾರ ಸರ್‌ಗೆ ಗೊತ್ತಾಯ್ತಂತೆ."

ಆ ಮಾತು ಕೇಳಿಸ್ಕೊಂಡಿದ್ದು ನೀನೊಬ್ಬನೇ. ಮೆಷಿನ್ ನಾನೇ ಹೊತ್ತು ಅವಳ ಕಾರಿಗೆ ಹಾಕಿದೆ.

ನಾನು ಹೇಳಿದ್ದು ನಿಜ ಅಂತ ಊರವರ ಮಕ್ಕಳಿಗೆಲ್ಲ ಹೇಳಿದೀಯ. ನಾನು ಮನೇಲಿ ನಿನ್ನ ಪಕ್ಕದ ಕೋಣೆಲೇ ಇದ್ದೆ. ಆ ಮಾರನೇ ವಾರ ನಾನಿನ್ನೂ ಶಾಲೆಗೆ ಹೋಗ್ತಿದ್ದೆ, ಅಪ್ಪ.