ಮುಟ್ಟಬಾರದ ಕಂಬಿ

ಮಾನ್ಯ ರೈಲು ನಿಲ್ದಾಣಾಧಿಕಾರಿಗಳೇ,

ನನಗೆ ಮದುವೆಯಾಯಿತು! ಎರಡು ತಿಂಗಳಾದರೂ ಕಾಲು ಇನ್ನೂ ನೆಲಕ್ಕೆ ತಾಗಿಲ್ಲ. ಗಂಡ ಒಳ್ಳೆಯವನು, ನಕ್ಕರೆ ಅವನ ಕಣ್ಣುಗಳು ಮುಚ್ಚಿಹೋಗುತ್ತವೆ. ಇದನ್ನು ದಿನಕ್ಕೊಬ್ಬರಿಗಾದರೂ ಹೇಳದಿದ್ದರೆ ನನಗೆ ಊಟ ಸೇರದು. ಇಂದು ನಿಮ್ಮ ಸರದಿ. ಏಕೆಂದರೆ ಆ ಮದುವೆಗೆ ನನ್ನ ಅಜ್ಜಿ ಬರದಂತೆ ನೋಡಿಕೊಂಡವರು ತಾವು.

ಮದುವೆಗೆಂದು ಹೊರಟ ಅಜ್ಜಿ ನಿಮ್ಮ ಮೇಲ್ಸೇತುವೆಯ ಮೆಟ್ಟಿಲಿನಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಮೆಟ್ಟಿಲಿಗೆ ಕಂಬಿ ಇರಲಿಲ್ಲವೇ? ಇತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೇಲಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ತಾವು ಅದಕ್ಕೆ ಪಾಲಿಶ್ ಹಾಕಿಸಿ, ಪಕ್ಕದಲ್ಲೇ ಬೋರ್ಡು ತೂಗುಹಾಕಿಸಿದ್ದಿರಿ: ‘ಕಂಬಿ ಮುಟ್ಟಬಾರದು. ಹೊಳಪು ಕೆಡುತ್ತದೆ.’ ಮೇಲಧಿಕಾರಿಗಳು ಬರಲೇ ಇಲ್ಲ. ಬೋರ್ಡು ಮಾತ್ರ ಅವರನ್ನು ಇನ್ನೂ ಕಾಯುತ್ತಿದೆ.

ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ನನಗೆ ಕನ್ನಡ ಅಕ್ಷರ ಬಂದದ್ದು ಅಜ್ಜಿ ಬೀದಿಯುದ್ದಕ್ಕೂ ನಿಲ್ಲಿಸಿ ಓದಿಸಿದ ಬೋರ್ಡುಗಳಿಂದ. ಓದಿದರೆ ಸಾಲದು, ಅದರಂತೆ ನಡೆಯಲೂಬೇಕು. ‘ಸದ್ದು ಮಾಡಬೇಡಿ’ ಎಂದಿದ್ದ ಕಡೆ ನಾನು ಸೀನನ್ನೂ ನುಂಗಿ ಬೆಳೆದೆ. ಅಂಥ ಅಜ್ಜಿ ಅಂದು ಮೆಟ್ಟಿಲಿಳಿಯುತ್ತಿದ್ದಾಗ, ಎರಡೂ ಕೈಯಲ್ಲಿ ಚೀಲ ಹಿಡಿದಿದ್ದ ನನ್ನ ಅಮ್ಮ, “ಕಂಬಿ ಹಿಡ್ಕೋಮ್ಮಾ” ಎಂದಳು.

“ಮುಟ್ಬಾರ್ದು ಅಂತ ಬರ್ದಿದಾರಲ್ಲೇ. ಕಣ್ಣು ಕಾಣ್ಸಲ್ವಾ ನಿಂಗೆ?” ಎಂದು ಅಜ್ಜಿ ಕೈ ಹಿಂದಕ್ಕೆಳೆದುಕೊಂಡರು. ಮುಂದಿನ ಮೆಟ್ಟಿಲಲ್ಲೇ ಬಿದ್ದರು.

ಮದುವೆ ಮುಂದೂಡೋಣವೆಂದರೆ, “ನನ್ನ ಸೊಂಟಕ್ಕೂ ನಿನ್ನ ಮದ್ವೆಗೂ ಏನೇ ಸಂಬಂಧ? ಸುಮ್ನೆ ಆಗು” ಎಂದು ಗದರಿದರು. ಆಸ್ಪತ್ರೆಯ ಮಂಚದಿಂದ, ಫೋನಿನಲ್ಲಿ ನನ್ನ ಮದುವೆ ನೋಡಿದರು.

ದೂರು ಕೊಡಲು ಬಂದ ಅಮ್ಮನಿಗೆ ತಾವು ಹೇಳಿದ ಮಾತನ್ನು ಚಿನ್ನದ ಅಕ್ಷರಗಳಲ್ಲಿ ಬರೆಸಬೇಕು. “ಬೋರ್ಡ್ ನೋಡ್ಕೊಂಡು ಯಾರಮ್ಮಾ ಕೈ ಬಿಡ್ತಾರೆ? ಎಲ್ರೂ ಹಿಡ್ಕೊಂಡೇ ಹೋಗ್ತಾರೆ. ವಯಸ್ಸಾದೋರ್ನ ಮನೇಲಿ ಜೋಪಾನವಾಗಿ ಇಟ್ಕೊಳ್ಳಿ.” ಅಂದರೆ, ತಮ್ಮ ಬೋರ್ಡನ್ನು ತಾವೇ ನಂಬುವುದಿಲ್ಲ. ಊರಿನಲ್ಲಿ ನಂಬಿದವರು ಒಬ್ಬರೇ ಒಬ್ಬರು, ಅವರ ಸೊಂಟ ಮುರಿಯಿತು. ವಿಧೇಯ ನಾಗರಿಕರಿಗೆ ಎಂಥ ಬಹುಮಾನ ಸ್ವಾಮಿ!

ಮನೆಯ ಜೋಪಾನದ ಬಗ್ಗೆ ಚಿಂತೆ ಬೇಡ. ಹೊಸ ಜೋಡಿಗಳು ಪರದೆಯ ಬಣ್ಣಕ್ಕೆ ಜಗಳವಾಡಿದರೆ, ನಾವಿಬ್ಬರೂ ಇಲ್ಲಿಯ ಅಂಗಡಿಯಲ್ಲಿ ನಿಂತು ಅಜ್ಜಿಯ ಬಚ್ಚಲಿಗೆ ಕಳಿಸುವ ಹಿಡಿಕೆಗಾಗಿ ಜಗಳವಾಡಿದೆವು. ಗಂಡ ಒಂದೊಂದನ್ನೂ ಸೋಪು ಹಚ್ಚಿದ ಕೈಯಿಂದ ಹಿಡಿದು ನೋಡಬೇಕೆಂದು ಹಟ ಹಿಡಿದ. (ಒಳ್ಳೆಯವನು ಎಂದೆನಲ್ಲ.) ಅಮ್ಮ ಜಾರುವ ಕಾಲೊರಸನ್ನು ಎಸೆದಳು, ಮಂಚದ ಪಕ್ಕ ದೀಪ ಹಾಕಿಸಿದಳು, ಅಜ್ಜಿಯ ಸವೆದ ಚಪ್ಪಲಿಯನ್ನು ಬೈಸಿಕೊಂಡೇ ಬದಲಾಯಿಸಿದಳು. ಆದರೆ ನಿಮ್ಮ ಸೇತುವೆಯನ್ನೂ ನಾವೇ ಮನೆಗೆ ತಂದು ರಿಪೇರಿ ಮಾಡಬೇಕೇ?

ಈಗ ಅಜ್ಜಿ ಕೋಲೂರಿ ನಡೆಯುತ್ತಾರೆ. ಕಂಬಿ ಹಿಡಿದರೆ ಮೆಟ್ಟಿಲು ಹತ್ತಬಹುದೆಂದು ವೈದ್ಯರು ಹೇಳಿದ್ದಾರೆ. “ಮದ್ವೇಗಂತೂ ಬರ್ಲಿಲ್ಲ. ಹುಡುಗ ರೈಲಿಳಿಯೋದನ್ನಾದ್ರೂ ನೋಡ್ತೀನಿ” ಎಂದು, ಮದುವೆಯ ನಂತರ ಮೊದಲ ಸಲ ಊರಿಗೆ ಬರುವ ನಮ್ಮನ್ನು ಎದುರುಗೊಳ್ಳಲು ಹೊರಟು ನಿಂತಿದ್ದಾರೆ. ನಮ್ಮ ಗಾಡಿ ನಿಲ್ಲುವುದು ಆಚೆಯ ಪ್ಲಾಟ್‌ಫಾರ್ಮಿನಲ್ಲಿ. ಸೇತುವೆ ಬಿಟ್ಟರೆ ಬೇರೆ ದಾರಿಯಿಲ್ಲ. ಈ ಸಲವಾದರೂ ಕಂಬಿ ಹಿಡಿಯಿರಿ ಎಂದು ಬೇಡಿಕೊಂಡೆ. “ಬೋರ್ಡ್ ತೆಗೀಲಿ, ಹಿಡೀತೀನಿ” ಎಂದರು.

ಆದ್ದರಿಂದ ಆ ಬೋರ್ಡನ್ನು ಕಿತ್ತುಹಾಕಿಸಿ. ಅದರ ಜಾಗದಲ್ಲಿ ‘ಕಂಬಿ ಹಿಡಿದೇ ನಡೆಯಿರಿ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿ. ಅಜ್ಜಿ ಅದನ್ನೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಅವರ ಒಂದು ಕೈಗೆ ಕೋಲಿದೆ. ಇನ್ನೊಂದು ಕೈಗೆ ನಿಮ್ಮ ಕಂಬಿ ಬೇಕು. ಹೊಳಪು ಕೆಟ್ಟರೆ ಹೇಳಿ ಕಳುಹಿಸಿ, ನಾನೇ ಬಂದು ಉಜ್ಜಿಕೊಡುತ್ತೇನೆ.

ಇಂತಿ,
ತಮ್ಮಂಥವರ ಬೋರ್ಡುಗಳನ್ನು ನಂಬಿ ಅಕ್ಷರ ಕಲಿತ ಮೊಮ್ಮಗಳು,
ಬರುವ ಭಾನುವಾರ, ಬೆಳಗಿನ ಪ್ಯಾಸೆಂಜರ್ ಗಾಡಿಯಿಂದ ಇಳಿಯುವವಳು.